ಪುಟ್ಟ ಮಕ್ಕಳಿಗೆ ಮರ, ಮಣ್ಣು, ಬಟ್ಟೆಯ ಆಟಿಕೆ: ನೋಡಿ, ಮುಟ್ಟಿ, ಮೂಸಿ ಆರಿಸುವ ಬಗೆ

ಎಂಟು ತಿಂಗಳ ಮಗುವಿನ ಕೈಗೆ ಏನನ್ನೇ ಕೊಡಿ, ಅದು ನೇರವಾಗಿ ಬಾಯಿಗೆ ಹೋಗುತ್ತದೆ. ಹಲ್ಲು ಹುಟ್ಟುವ ಹೊತ್ತಿನಲ್ಲಂತೂ ಚೀಪುವುದು, ಕಚ್ಚುವುದು, ಜೊಲ್ಲಿನಲ್ಲಿ ನೆನೆಸುವುದೇ ಆಟ. ವಸ್ತುವಿನ ಗಟ್ಟಿತನ, ತಂಪು, ನುಣುಪು, ಒರಟು ಎಲ್ಲವನ್ನೂ ಮಗು ತುಟಿ ಮತ್ತು ಒಸಡುಗಳಿಂದಲೇ ಅರಿಯುತ್ತದೆ. ಹಾಗಾಗಿ ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯನ್ನು, ಅವರು ಉಣ್ಣುವ ತಟ್ಟೆಯನ್ನು ಆರಿಸುವಷ್ಟೇ ಜಾಗ್ರತೆಯಿಂದ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮರ, ಮಣ್ಣು, ಹತ್ತಿ ಬಟ್ಟೆ, ತೆಂಗಿನ ಚಿಪ್ಪು, ಗರಿ ಇವುಗಳಿಂದ ಮಾಡಿದ ಆಟಿಕೆಗಳತ್ತ ಈಗ ಅನೇಕ ತಂದೆ ತಾಯಂದಿರು ಮತ್ತೆ ಹೊರಳುತ್ತಿದ್ದಾರೆ. ಸಂತೋಷದ ಸಂಗತಿ. ಆದರೆ ‘ನೈಸರ್ಗಿಕ’ ಎಂದು ಬರೆದ ಡಬ್ಬಿಯನ್ನು ಕೊಂಡು ತಂದರೆ ಕೆಲಸ ಮುಗಿಯುವುದಿಲ್ಲ. ಮರದ ಕುದುರೆಗೆ ಸೀಸ ಬೆರೆತ ಬಣ್ಣ ಬಳಿದಿರಬಹುದು. ಬಟ್ಟೆಯ ಕರಡಿಯ ಕಣ್ಣು ಒಂದೇ ಎಳೆತಕ್ಕೆ ಕಿತ್ತು ಬರಬಹುದು. ಬೇಲಿಯಿಂದ ಆರಿಸಿ ತಂದ ಕೆಂಪು ಬೀಜ ಜೀವಕ್ಕೇ ಎರವಾಗಬಹುದು. ಯಾವುದನ್ನು ನೋಡಬೇಕು, ಎಲ್ಲಿ ಮುಟ್ಟಬೇಕು, ಮಾರುವವರನ್ನು ಏನೆಂದು ಕೇಳಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಪ್ಲಾಸ್ಟಿಕ್‌ನ ಮೇಲೆ ದೂರೇನು?

ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ. ಜಾತ್ರೆಯಲ್ಲಿ, ರಸ್ತೆ ಬದಿಯಲ್ಲಿ ಸಿಗುವ ಮೆತ್ತನೆಯ, ಹಿಸುಕಿದರೆ ಕೀಚಲು ದನಿ ಹೊರಡಿಸುವ ಬಾತುಕೋಳಿ, ಗೊಂಬೆಗಳ ಮೇಲೆ ನನ್ನ ಮೊದಲ ದೂರು. ಇವುಗಳಲ್ಲಿ ಬಹಳಷ್ಟು ಪಿವಿಸಿ ಎಂಬ ಪ್ಲಾಸ್ಟಿಕ್‌ನಿಂದ ಆದವು. ಪಿವಿಸಿ ತನ್ನಷ್ಟಕ್ಕೆ ಪೈಪಿನಂತೆ ಗಡುಸು. ಅದನ್ನು ಮೆತ್ತಗೆ ಮಾಡಲು ಥಾಲೇಟ್ ಎಂಬ ರಾಸಾಯನಿಕಗಳನ್ನು ಬೆರೆಸುತ್ತಾರೆ. ಅವು ಪ್ಲಾಸ್ಟಿಕ್‌ಗೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ. ಚೀಪಿದಾಗ, ಬಿಸಿಯಾದಾಗ, ಹಳತಾದಾಗ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತವೆ. ಇವುಗಳಲ್ಲಿ ಕೆಲವು ದೇಹದ ಹಾರ್ಮೋನುಗಳ ಕೆಲಸವನ್ನು ಕೆಡಿಸುತ್ತವೆ ಎಂಬ ಕಾರಣಕ್ಕೆ ಐರೋಪ್ಯ ಒಕ್ಕೂಟವು ಮಕ್ಕಳ ಆಟಿಕೆಗಳಲ್ಲಿ ಅವುಗಳ ಪ್ರಮಾಣ ತೂಕದ ಶೇಕಡಾ 0.1ನ್ನು ಮೀರಬಾರದೆಂದು ಮಿತಿ ಹಾಕಿದೆ. ನಮ್ಮ ಭಾರತೀಯ ಮಾನಕದಲ್ಲೂ ಥಾಲೇಟ್‌ಗಳಿಗೆ ಪ್ರತ್ಯೇಕ ಭಾಗವೇ ಇದೆ. ಆದರೆ ಯಾವ ಗುರುತೂ ಇಲ್ಲದ ಸಂತೆಯ ಗೊಂಬೆಯನ್ನು ಪರೀಕ್ಷಿಸಿದವರು ಯಾರು?

ಎರಡನೆಯ ದೂರು ಆಟಕ್ಕೇ ಸಂಬಂಧಿಸಿದ್ದು. ಗುಂಡಿ ಒತ್ತಿದರೆ ಹಾಡುವ, ಮಿನುಗುವ, ತಾನೇ ಓಡುವ ಆಟಿಕೆಯ ಎದುರು ಮಗು ಪ್ರೇಕ್ಷಕನಾಗುತ್ತದೆ. ಮೂರು ಮರದ ತುಂಡುಗಳನ್ನು ಕೊಟ್ಟು ನೋಡಿ. ಇಂದು ಅವು ರೈಲು, ನಾಳೆ ರೊಟ್ಟಿ, ನಾಡಿದ್ದು ಅಜ್ಜಿಯ ಮೊಬೈಲ್. ಸದ್ದನ್ನೂ ಕಥೆಯನ್ನೂ ಮಗುವೇ ಹೂಡುತ್ತದೆ. ಮಾತು ಬೆಳೆಯುವುದು ಇಂಥ ಆಟದಲ್ಲಿ.

ಹೆಜ್ಜೆ ಒಂದು: ಇರುವುದನ್ನೆಲ್ಲ ಚಾಪೆಯ ಮೇಲೆ ಸುರಿಯಿರಿ

ಹೊಸದನ್ನು ಕೊಳ್ಳುವ ಮುಂಚೆ ಮನೆಯಲ್ಲಿರುವುದನ್ನು ಹರಡಿಕೊಂಡು ಕುಳಿತುಕೊಳ್ಳಿ. ಮಗು ಮಲಗಿರುವಾಗ ಮಾಡಿದರೆ ಒಳ್ಳೆಯದು. ಎಚ್ಚರವಿದ್ದರೆ ಮೂಲೆಯಲ್ಲಿ ಬಿದ್ದಿದ್ದ ಮುರುಕು ಕಾರಿನ ಮೇಲೂ ಅದಕ್ಕೆ ಪ್ರೀತಿ ಉಕ್ಕುತ್ತದೆ.

ತಕ್ಷಣ ತೆಗೆದುಹಾಕಬೇಕಾದವು ಇವು: ಕೈಗೆ ಅಂಟಂಟಾಗುವ ಅಥವಾ ಘಾಟು ವಾಸನೆಯ ಮೆತ್ತನೆ ಪ್ಲಾಸ್ಟಿಕ್, ಬಣ್ಣ ಚಕ್ಕೆ ಏಳುತ್ತಿರುವುದು, ಅಂಚು ಒಡೆದು ಚೂಪಾದದ್ದು, ಗುಂಡಿಯಾಕಾರದ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ್ದು, ಬಿಡಿಯಾಗಿ ಕಳಚುವ ಆಯಸ್ಕಾಂತ ಇರುವುದು. ಕೊನೆಯ ಎರಡರ ಬಗ್ಗೆ ಉದಾಸೀನ ಬೇಡ. ಗುಂಡಿ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗಿನ ಪದರವನ್ನು ಸುಡಬಲ್ಲದು. ಎರಡು ಆಯಸ್ಕಾಂತಗಳನ್ನು ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳ ನಡುವೆ ಒಂದನ್ನೊಂದು ಸೆಳೆದು ತೂತು ಮಾಡುತ್ತವೆ. ಇವೆರಡರಲ್ಲಿ ಯಾವುದನ್ನಾದರೂ ಮಗು ನುಂಗಿದೆ ಎಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಉಳಿದದ್ದನ್ನು ಇಟ್ಟುಕೊಳ್ಳಿ. ಗಟ್ಟಿಯಾದ, ವಾಸನೆಯಿಲ್ಲದ, ಐಎಸ್‌ಐ ಗುರುತಿರುವ ಪ್ಲಾಸ್ಟಿಕ್ ಬ್ಲಾಕ್‌ಗಳನ್ನು ‘ಇನ್ನು ಮೇಲೆ ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಇಲ್ಲ’ ಎಂಬ ಹುಮ್ಮಸ್ಸಿನಲ್ಲಿ ಕಸಕ್ಕೆ ಎಸೆದರೆ ಯಾರಿಗೂ ಲಾಭವಿಲ್ಲ. ಹಲವು ಬಗೆಯ ಪ್ಲಾಸ್ಟಿಕ್, ಸ್ಕ್ರೂ, ತಂತಿ ಬೆರೆತ ಆಟಿಕೆಗಳನ್ನು ಗುಜರಿಯವರೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬದಲಾವಣೆ ಹೊಸ ಖರೀದಿಯಿಂದ ಆರಂಭವಾಗಲಿ.

ಹೆಜ್ಜೆ ಎರಡು: ವಯಸ್ಸಿಗೆ ತಕ್ಕದ್ದನ್ನು ಗೊತ್ತುಮಾಡಿಕೊಳ್ಳಿ

ಆರು ತಿಂಗಳವರೆಗೆ ಹೆಚ್ಚೇನೂ ಬೇಡ. ಮುಷ್ಟಿಯಲ್ಲಿ ಹಿಡಿಯಲು ಬರುವ ಹಗುರವಾದ ಒಂದು ಮರದ ಗಿಲಕಿ, ಒಂದು ಬಟ್ಟೆಯ ಚೆಂಡು, ಅಮ್ಮನ ಮುಖ. ಗಿಲಕಿಯ ಹಿಡಿಯ ತುದಿ ಸಣ್ಣದಾಗಿ ಉದ್ದವಾಗಿದ್ದರೆ ಗಂಟಲಿಗೆ ಚುಚ್ಚುವ ಅಪಾಯವಿದೆ. ಎರಡೂ ತುದಿ ದಪ್ಪಗಿರುವುದು ಅಥವಾ ಬಳೆಯಾಕಾರದ್ದು ಮೇಲು.

ಆರು ತಿಂಗಳಿಂದ ವರ್ಷದವರೆಗೆ ಅಡುಗೆಮನೆಯೇ ಆಟಿಕೆಯ ಅಂಗಡಿ. ಸ್ಟೀಲ್ ಲೋಟ, ಮರದ ಸೌಟು, ಒಂದರೊಳಗೊಂದು ಕೂರುವ ಬಟ್ಟಲುಗಳು. ಎಂಟನೆಯ ತಿಂಗಳ ಸುಮಾರಿಗೆ, ಕಣ್ಣಿಗೆ ಕಾಣದ ವಸ್ತುವೂ ಎಲ್ಲೋ ಇದೆ ಎಂಬ ಅರಿವು ಮೂಡತೊಡಗುತ್ತದೆ. ಆಗ ಬಟ್ಟಲಿನ ಕೆಳಗೆ ಚೆಂಡು ಮುಚ್ಚಿಟ್ಟು ತೆಗೆಯುವ ಆಟ ಅದಕ್ಕೆ ಎಷ್ಟು ಸಲ ಆಡಿದರೂ ಸಾಲದು.

ನಡೆಯಲು ಕಲಿಯುವ ಮಗುವಿಗೆ ಮೂರು ಗಾಲಿಯ ಮರದ ತಳ್ಳುಗಾಡಿ. ನಮ್ಮ ಹಳೆಯ ಮನೆಗಳಲ್ಲೆಲ್ಲ ಇದ್ದದ್ದು, ಈಗಲೂ ಸಿಗುತ್ತದೆ. ಮಗು ತನ್ನ ಕಾಲಿನ ಮೇಲೆ ತಾನು ನಿಂತು, ತನ್ನ ಭಾರ ತಾನು ಹೊತ್ತು ತಳ್ಳುತ್ತದೆ. ನಡುವೆ ಕೂರಿಸುವ, ಸುತ್ತ ಚಕ್ರಗಳಿರುವ ಪ್ಲಾಸ್ಟಿಕ್ ವಾಕರ್‌ನ ಸಂಗತಿ ಬೇರೆ. ಅದರಲ್ಲಿ ಕುಳಿತ ಮಗು ಮೆಟ್ಟಿಲಿನತ್ತ, ಒಲೆಯತ್ತ ಕ್ಷಣಾರ್ಧದಲ್ಲಿ ಜಾರಿ ಹೋಗುತ್ತದೆ; ಬೇಗ ನಡೆಯಲು ಅದರಿಂದ ಸಹಾಯವೂ ಇಲ್ಲ. ಕೆನಡಾ ದೇಶ 2004ರಲ್ಲಿ ಇಂಥ ವಾಕರ್‌ಗಳ ಮಾರಾಟವನ್ನೇ ನಿಷೇಧಿಸಿತು. ಯಾರಾದರೂ ಉಡುಗೊರೆ ಕೊಟ್ಟರೂ ಬಳಸಬೇಡಿ ಎಂದೇ ಹೇಳುತ್ತೇನೆ.

ಒಂದೂವರೆ, ಎರಡು ವರ್ಷದ ಮಗುವಿಗೆ ತುಂಬುವುದು, ಸುರಿಯುವುದು, ಪೇರಿಸುವುದು, ಕೆಡಹುವುದು ಇಷ್ಟ. ಕಂಬಕ್ಕೆ ಪೋಣಿಸುವ ಮರದ ಉಂಗುರಗಳು, ಬಣ್ಣ ಬಳಿಯದ ಮರದ ತುಂಡುಗಳು ಸಾಕು. ಎರಡೂವರೆ ದಾಟಿದ ಮೇಲೆ ಅಡುಗೆ ಆಟ, ಗೊಂಬೆಗೆ ಸ್ನಾನ, ಡಾಕ್ಟರ್ ಆಟ. ಮೂರರ ನಂತರ ಮಣ್ಣು, ಗರಿ, ಬುಗುರಿ. ಐದರ ಸುಮಾರಿಗೆ ಅಳಗುಳಿಮಣೆ. ಕರಾವಳಿಯವರು ಚೆನ್ನೆಮಣೆ ಎನ್ನುತ್ತಾರೆ. ಎಣಿಕೆ ಕಲಿಸಲು ಅದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ.

ಹೆಜ್ಜೆ ಮೂರು: ಮರದ ಆಟಿಕೆಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿ

ಕರ್ನಾಟಕದಲ್ಲಿ ಮರದ ಆಟಿಕೆ ಎಂದರೆ ಮೊದಲು ನೆನಪಾಗುವುದು ಚನ್ನಪಟ್ಟಣ. ಅದು ಹೇಗೆ ತಯಾರಾಗುತ್ತದೆ ಎಂದು ಒಮ್ಮೆ ನೋಡಿದರೆ ಒಳ್ಳೆಯದನ್ನು ಗುರುತಿಸುವುದು ತಾನಾಗಿಯೇ ಬರುತ್ತದೆ.

ಅಲ್ಲಿ ಮುಖ್ಯವಾಗಿ ಬಳಸುವುದು ಆಲೆ ಮರ. ಆನೆಯ ದಂತದಂತೆ ಬಿಳುಪು, ಎಳೆ ಎದ್ದು ಕಾಣದಷ್ಟು ನಯ, ಹಗುರ. ಅದು ಸಾಲದಾದಾಗ ರಬ್ಬರ್ ಮರ ಮುಂತಾದವನ್ನೂ ಬಳಸುತ್ತಾರೆ. ಮರವನ್ನು ಚೆನ್ನಾಗಿ ಒಣಗಿಸಿ, ಲೇತ್ ಯಂತ್ರಕ್ಕೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿಯಿಂದ ಕಡೆಯುತ್ತಾರೆ. ಆಕಾರ ಬಂದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೇಲೆ ಹರಡುತ್ತದೆ. ಕೊನೆಗೆ ಒಣಗಿದ ತಾಳೆಗರಿಯ ಪಟ್ಟಿಯನ್ನು ಅದೇ ಬಿಸಿಯಲ್ಲಿ ಒತ್ತುತ್ತಾರೆ. ಅಲ್ಲಿಯವರೆಗೆ ಮಂಕಾಗಿ, ತೇಪೆ ತೇಪೆಯಾಗಿ ಕಾಣುತ್ತಿದ್ದ ಕೆಂಪು ಸಮನಾಗಿ ಹರಡಿ, ನೋಡನೋಡುತ್ತಿದ್ದಂತೆ ಹೊಳೆಯತೊಡಗುತ್ತದೆ. ಕುಂಚವಿಲ್ಲ, ಥಿನ್ನರ್ ಇಲ್ಲ, ಒಣಗಲು ಕಾಯುವುದೂ ಇಲ್ಲ. ಅರಗು ಎಂಬುದು ಮುತ್ತುಗ, ಎಲಚಿಯಂಥ ಮರಗಳ ಕೊಂಬೆಗಳ ಮೇಲೆ ಪುಟ್ಟ ಕೀಟಗಳು ಸ್ರವಿಸುವ ಅಂಟು. ಶುದ್ಧೀಕರಿಸಿದ ಅರಗನ್ನು ಔಷಧದ ಮಾತ್ರೆಗಳಿಗೂ ಕೆಲವು ಮಿಠಾಯಿಗಳಿಗೂ ಹೊಳಪು ಕೊಡಲು ಬಳಸುತ್ತಾರೆ.

ಅರಗು ಸರಿ, ಅದರೊಳಗಿನ ಬಣ್ಣ? ಅರಿಶಿನದ ಹಳದಿ, ನೀಲಿ ಗಿಡದ ನೀಲಿ, ಕಾಚಿನ ಕಂದು ಹೀಗೆ ಸಸ್ಯಮೂಲದ ಬಣ್ಣಗಳನ್ನೇ ಬಳಸುವ ಕುಶಲಕರ್ಮಿಗಳಿದ್ದಾರೆ. ರಾಸಾಯನಿಕ ಬಣ್ಣದ ಪುಡಿ ಬಳಸುವವರೂ ಇದ್ದಾರೆ. ಸಸ್ಯದ ಬಣ್ಣಗಳು ಸಾಮಾನ್ಯವಾಗಿ ಸ್ವಲ್ಪ ತಣ್ಣಗಿರುತ್ತವೆ, ಕಣ್ಣಿಗೆ ರಾಚುವುದಿಲ್ಲ. ಹೊಳೆವ ಗುಲಾಬಿ, ಮಿನುಗುವ ಗಿಳಿಹಸಿರು ಕಂಡರೆ ಕೇಳಿ ತಿಳಿದುಕೊಳ್ಳಿ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಹೀಗಿದೆ.

ಮೂಸಿ ನೋಡಿ. ಅರಗಿನ ಆಟಿಕೆಗೆ ಹೆಚ್ಚುಕಡಿಮೆ ವಾಸನೆ ಇರುವುದಿಲ್ಲ, ಇದ್ದರೂ ಮರದ್ದು. ಬಾಗಿಲಿಗೆ ಹೊಸದಾಗಿ ಪೇಂಟ್ ಹೊಡೆದಾಗ ಬರುವ ವಾಸನೆ ಬಂದರೆ ಕೆಳಗಿಡಿ.

ಒದ್ದೆ ಬಿಳಿ ಕರವಸ್ತ್ರದಿಂದ ಗಟ್ಟಿಯಾಗಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಮಗುವಿನ ನಾಲಿಗೆಗೂ ಹತ್ತುತ್ತದೆ.

ಬೆರಳ ತುದಿಯನ್ನು ಎಲ್ಲ ಅಂಚು, ರಂಧ್ರಗಳ ಸುತ್ತ ಓಡಿಸಿ. ಮೇಲ್ಮೈ ಎಷ್ಟೇ ನುಣುಪಾಗಿರಲಿ, ದಾರ ಪೋಣಿಸಲು ಕೊರೆದ ತೂತಿನ ಒಳಬಾಯಿ, ಗಾಲಿಯ ಹಿಂಬದಿ ಇವುಗಳನ್ನು ಉಜ್ಜಲು ಮರೆತಿರುವುದುಂಟು. ಸಿಬಿರು ಚುಚ್ಚುವುದು ಅಲ್ಲೇ.

ಗಾಲಿಯನ್ನೂ ತಲೆಯನ್ನೂ ಕಿವಿಯನ್ನೂ ಹಿಡಿದು ಜಗ್ಗಿ, ತಿರುಚಿ. ಮಾರುವವರು ಮುಖ ಕಿವುಚಿದರೂ ಪರವಾಗಿಲ್ಲ. ಮರದ ಬೆಣೆಯಿಂದ ಕೂಡಿಸಿದ್ದಾದರೆ ಒಳ್ಳೆಯದು. ಸಣ್ಣ ಮೊಳೆ ಹೊಡೆದದ್ದಾದರೆ ಮೂರು ವರ್ಷದೊಳಗಿನವರಿಗೆ ಬೇಡ.

ಅಕ್ಷರ, ಪ್ರಾಣಿಗಳ ತುಂಡು ಜೋಡಿಸುವ ಹಲಗೆಗಳನ್ನು ಕೊಳ್ಳುವಾಗ ಪಕ್ಕದಿಂದ ಅಂಚನ್ನು ನೋಡಿ. ಗಟ್ಟಿ ಮರದಲ್ಲಿ ಎಳೆ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗುತ್ತದೆ. ಪದರ ಪದರವಾಗಿದ್ದರೆ ಪ್ಲೈವುಡ್. ಎಳೆಯೇ ಕಾಣದೆ ಒತ್ತಿದ ಹೊಟ್ಟಿನಂತಿದ್ದರೆ ಅದು ಎಂಡಿಎಫ್; ಮರದ ನಾರನ್ನು ಅಂಟಿನಲ್ಲಿ ಕೂಡಿಸಿ ಒತ್ತಿದ್ದು. ಆ ಅಂಟುಗಳಲ್ಲಿ ಬಹುಪಾಲಿನವು ಫಾರ್ಮಾಲ್ಡಿಹೈಡ್ ಆಧಾರಿತ. ಜೊಲ್ಲಿಗೆ ನೆನೆದರೆ ಎಂಡಿಎಫ್ ಊದಿ ಪುಡಿಯಾಗುತ್ತದೆ. ಚೀಪುವ ವಯಸ್ಸು ದಾಟಿದ ಮಕ್ಕಳಿಗೆ ಆದೀತು, ಹಸುಗೂಸಿಗಲ್ಲ.

ಚನ್ನಪಟ್ಟಣಕ್ಕೇ ಹೋಗಿ ಕೊಳ್ಳುವವರಿಗೊಂದು ಮಾತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಈಗ ಊರಿನ ಹೊರಗಿನಿಂದಲೇ ಸಾಗುತ್ತದೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಪಟ್ಟಣಕ್ಕೆ ಹಳೆಯ ರಸ್ತೆಗೆ ಇಳಿದು ಹೋಗಬೇಕು. ಹೆದ್ದಾರಿ ತಪ್ಪಿದ್ದರಿಂದ ಅಂಗಡಿಗಳ ಮುಂದೆ ನಿಲ್ಲುವ ಕಾರುಗಳೂ ಕಡಿಮೆಯಾಗಿವೆ. ಆ ಹತ್ತು ನಿಮಿಷದ ಬಳಸು ದಾರಿಗೆ ಬೆಲೆಯಿದೆ. ಹೋಗಲಾಗದವರಿಗೆ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳಿವೆ. ಆಂಧ್ರಪ್ರದೇಶದ ಏಟಿಕೊಪ್ಪಾಕದಲ್ಲೂ ಇದೇ ಮರದಲ್ಲಿ, ಇದೇ ಅರಗಿನ ಕೆಲಸ ನಡೆಯುತ್ತದೆ.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳು, ಆಂಧ್ರದ ಕೊಂಡಪಲ್ಲಿಯ ಗೊಂಬೆಗಳು ಅಪ್ಪಟ ಕಲೆ. ಆದರೆ ಹಗುರ ಮರದ ಮೇಲೆ ಹುಣಸೆ ಬೀಜದ ಅಂಟು ಮುಂತಾದ ಲೇಪ ಕೊಟ್ಟು, ಅದರ ಮೇಲೆ ಬಣ್ಣ ಬರೆದ ಇಂಥವು ದಸರೆಯ ಗೊಂಬೆ ಕೂರಿಸಲು, ಕಪಾಟಿನಲ್ಲಿ ಇಡಲು. ಹಲ್ಲು ಬರುತ್ತಿರುವ ಮಗುವಿನ ಕೈಗೆ ಕೊಡಬೇಡಿ.

ಹೆಜ್ಜೆ ನಾಲ್ಕು: ಐಎಸ್‌ಐ ಗುರುತು ಇಲ್ಲದಿದ್ದರೆ ಗಾಬರಿಯಾಗಬೇಕೆ?

2021ರ ಜನವರಿ 1ರಿಂದ ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಐಎಸ್ 9873 ಎಂಬ ಮಾನಕದ ಭಾಗಗಳಲ್ಲಿ ಚೂಪು ಅಂಚು, ಬಿಡಿಭಾಗ, ಬೆಂಕಿ ಹತ್ತುವಿಕೆ, ಸೀಸದಂಥ ಲೋಹಗಳು ಹೊರಬರುವುದು ಇತ್ಯಾದಿಗಳ ಪರೀಕ್ಷೆ ಇದೆ. ವಿದ್ಯುತ್ ಆಟಿಕೆಗಳಿಗೆ ಐಎಸ್ 15644. ಕಾರ್ಖಾನೆಯಲ್ಲಿ ತಯಾರಾದ ಆಟಿಕೆ, ಅದು ಮರದ್ದೇ ಆಗಿರಲಿ, ಈ ಗುರುತಿಲ್ಲದಿದ್ದರೆ ಕೊಳ್ಳಬೇಡಿ.

ಆದರೆ ಕೇಂದ್ರ ಸರ್ಕಾರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೂ ಭೌಗೋಳಿಕ ಮಾನ್ಯತೆ, ಅಂದರೆ ಜಿಐ ಗುರುತು ಪಡೆದ ಉತ್ಪನ್ನಗಳಿಗೂ ಈ ಆದೇಶದಿಂದ ವಿನಾಯಿತಿ ಕೊಡಲಾಗಿದೆ. ಚನ್ನಪಟ್ಟಣದ ಆಟಿಕೆಗೆ ಜಿಐ ಇದೆ. ಹಾಗಾಗಿ ಅದರ ಮೇಲೆ ಐಎಸ್‌ಐ ಕಾಣದಿರುವುದು ತಪ್ಪಲ್ಲ. ಪುಟ್ಟ ಮನೆಯಲ್ಲಿ ಕೂತು ಕೆಲಸ ಮಾಡುವವರು ಪ್ರಯೋಗಾಲಯದ ಖರ್ಚು ಹೊರಲಾರರು, ವಿನಾಯಿತಿ ನ್ಯಾಯವೇ. ಆದರೆ ಅಲ್ಲಿಗೆ ಪರೀಕ್ಷೆಯ ಹೊಣೆ ನಮ್ಮ ಹೆಗಲಿಗೆ ಬರುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ನಾಲ್ಕು ಪ್ರಶ್ನೆ ಬರೆದು ಕಳುಹಿಸಿ: ಯಾವ ಮರ? ಮೇಲಿನ ಲೇಪ ಅರಗಿನದೋ ಪೇಂಟೋ? ಬಣ್ಣದ ಪುಡಿ ಯಾವುದು? ಮೊಳೆ, ಅಂಟು ಬಳಸಿದ್ದೀರಾ? ತಾವೇ ಮಾಡಿ ಮಾರುವವರು ಖುಷಿಯಿಂದ ಉತ್ತರಿಸುತ್ತಾರೆ. ಉತ್ತರ ಕೊಡದವರಿಂದ ಕೊಳ್ಳುವ ದರ್ದೇನೂ ನಮಗಿಲ್ಲ.

ಸೀಸದ ಮಾತು ಬಂದಾಗ ಅಟ್ಟದ ಮೇಲಿನ ತೊಟ್ಟಿಲಿನ ಬಗ್ಗೆ ಹೇಳಲೇಬೇಕು. ಅಜ್ಜನ ಕಾಲದ ಮರದ ತೊಟ್ಟಿಲು, ಕುದುರೆಗಳನ್ನು ಇಳಿಸಿ ಮೊಮ್ಮಗುವಿಗೆ ಕೊಡುವುದು ನಮ್ಮಲ್ಲಿ ಪ್ರೀತಿಯ ಪದ್ಧತಿ. ಮನೆಗೆ ಹಚ್ಚುವ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ, ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ ಬಳಿದ ಹಳದಿ, ಕೆಂಪು, ಹಸಿರು ಎನಾಮೆಲ್ ಬಣ್ಣಗಳಲ್ಲಿ ಸೀಸ ಹೇರಳವಾಗಿ ಇದ್ದಿರಬಹುದು. ಸೀಸಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ನೇರವಾಗಿ ಬೆಳೆಯುವ ಮೆದುಳನ್ನು ಕಾಡುತ್ತದೆ. ಬಣ್ಣ ಬಳಿಯದ ತೇಗ, ಹಲಸಿನ ತೊಟ್ಟಿಲಾದರೆ ಧಾರಾಳವಾಗಿ ಬಳಸಿ. ಬಣ್ಣದ್ದಾದರೆ ಮಗು ಅಂಚನ್ನು ಕಚ್ಚುವ ವಯಸ್ಸಿನಲ್ಲಿ ಬೇಡ. ಮುಖ್ಯವಾಗಿ, ಅದನ್ನು ಮನೆಯೊಳಗೆ ಮರಳು ಕಾಗದದಿಂದ ಉಜ್ಜಬೇಡಿ. ಹಾಳೆಯಂತೆ ಅಂಟಿಕೊಂಡಿದ್ದ ಸೀಸ ದೂಳಾಗಿ ಹಾಸಿಗೆ, ನೆಲ, ಕೈ ಎಲ್ಲಕ್ಕೂ ಹರಡುತ್ತದೆ.

ಹೆಜ್ಜೆ ಐದು: ಅಳತೆಯ ಕೊಳವೆ ಮಾಡಿಟ್ಟುಕೊಳ್ಳಿ

ಮೂರು ವರ್ಷದೊಳಗಿನವರ ಆಟಿಕೆಯ ಬಿಡಿಭಾಗ ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ಚಿಕ್ಕದೇ ಎಂದು ನೋಡಲು ಪ್ರಯೋಗಾಲಯಗಳಲ್ಲಿ 31.7 ಮಿಲಿಮೀಟರ್ ವ್ಯಾಸದ ಕೊಳವೆ ಬಳಸುತ್ತಾರೆ. ಮನೆಯಲ್ಲಿ ಇದನ್ನು ಮಾಡುವುದು ಎರಡು ನಿಮಿಷದ ಕೆಲಸ. 11 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ದಪ್ಪ ಕಾಗದ ತೆಗೆದುಕೊಂಡು, ಒಂದು ಸೆಂಟಿಮೀಟರ್ ಒಂದರ ಮೇಲೊಂದು ಬರುವಂತೆ ಸುತ್ತಿ ಅಂಟಿಸಿ. ಸುತ್ತಳತೆ 10 ಸೆಂಟಿಮೀಟರ್ ಆಯಿತು, ವ್ಯಾಸ ಸರಿಯಾಗಿ ಬಂತು. ಒತ್ತಾಯವಿಲ್ಲದೆ ಇದರೊಳಗೆ ಪೂರ್ತಿಯಾಗಿ ಇಳಿದದ್ದು, ಅದು ಎಷ್ಟೇ ಮುದ್ದಾಗಿರಲಿ, ಚಿಕ್ಕ ಮಗುವಿನ ಕೈಗೆ ಬೇಡ. ಚೆಂಡು, ಗುಂಡನೆಯ ಮಣಿಗಳು ಇನ್ನೂ ದೊಡ್ಡದಿರಬೇಕು: ಸುತ್ತ ದಾರ ಹಿಡಿದು ಅಳೆದರೆ 14 ಸೆಂಟಿಮೀಟರ್ ದಾಟಬೇಕು. ಎಳೆದಾಡುವ ಆಟಿಕೆಯ ದಾರ ಒಂದು ಗೇಣಿಗಿಂತ ಉದ್ದವಾಗದಿರಲಿ. ಕುತ್ತಿಗೆಗೆ ಸುತ್ತಿಕೊಳ್ಳುವ ಭಯ.

ಹೆಜ್ಜೆ ಆರು: ಮನೆಯಲ್ಲೇ ಮಾಡಿ

ಹಳೆಯ ಹತ್ತಿ ಸೀರೆ, ಪಂಚೆಯ ಬಟ್ಟೆ ಎಷ್ಟೋ ಸಲ ಒಗೆತ ಕಂಡು ಮೆತ್ತಗಾಗಿರುತ್ತದೆ. ಗೊಂಬೆಗೆ ಅದಕ್ಕಿಂತ ಒಳ್ಳೆಯ ಬಟ್ಟೆ ಬೇರಿಲ್ಲ. ಎರಡು ಪದರ ಇಟ್ಟು, ತಲೆ, ಎರಡು ಕೈ, ಎರಡು ಕಾಲಿರುವ ಸರಳ ಆಕಾರವನ್ನು ಸೀಮೆಸುಣ್ಣದಲ್ಲಿ ಬರೆಯಿರಿ. ಕುತ್ತಿಗೆಯನ್ನು ಸಪೂರ ಮಾಡಬೇಡಿ, ಅಲ್ಲೇ ಮೊದಲು ಹರಿಯುವುದು. ಒಳಬದಿ ಹೊರಗಿರುವಂತೆ ಸುತ್ತಲೂ ಎರಡು ಸಾಲು ಹೊಲಿಗೆ ಹಾಕಿ, ಪಕ್ಕದಲ್ಲಿ ಮೂರು ಬೆರಳು ಹೋಗುವಷ್ಟು ಜಾಗ ಬಿಡಿ. ತಿರುವಿ, ಬೂರುಗದ ಹತ್ತಿ ಅಥವಾ ಸಣ್ಣಗೆ ಕತ್ತರಿಸಿದ ಹಳೆಯ ಬಟ್ಟೆ ತುಂಬಿ, ಬಾಯಿ ಹೊಲಿಯಿರಿ. ಕಾಳು, ಥರ್ಮೋಕೋಲ್ ಮಣಿ ತುಂಬುವುದು ಬೇಡ. ಹೊಲಿಗೆ ಬಿಟ್ಟರೆ ಎಲ್ಲವೂ ಬಾಯಿಗೆ. ಕಣ್ಣು, ಮೂಗನ್ನು ಗುಂಡಿಯಿಂದ ಮಾಡದೆ ದಾರದಲ್ಲಿ ಕಸೂತಿ ಹಾಕಿ. ಮುಗಿದ ಮೇಲೆ ಕೈಕಾಲುಗಳನ್ನು ನಿಮ್ಮ ಪೂರ್ತಿ ಬಲ ಹಾಕಿ ಜಗ್ಗಿ ನೋಡಿ. ವರ್ಷದೊಳಗಿನ ಮಗು ಮಲಗುವಾಗ ಯಾವ ಮೆತ್ತನೆಯ ಗೊಂಬೆಯೂ ಪಕ್ಕದಲ್ಲಿ ಇರಬಾರದು. ಮುಖಕ್ಕೆ ಮುಚ್ಚಿಕೊಂಡರೆ ಉಸಿರು ಕಟ್ಟುತ್ತದೆ.

ಇನ್ನು ಮಣ್ಣು. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠ ಮಾಸದ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಮನೆಮನೆಯಲ್ಲೂ ಮಕ್ಕಳು ಎತ್ತು ಮಾಡುತ್ತಾರೆ. ವರ್ಷಕ್ಕೊಂದು ದಿನದ ಆ ಸಂಭ್ರಮವನ್ನು ವಾರಕ್ಕೊಂದು ದಿನ ಮಾಡಿಕೊಳ್ಳಲು ಅಡ್ಡಿಯೇನು? ಕುಂಬಾರರಲ್ಲಿ ಹದ ಮಾಡಿದ ಮಣ್ಣು ಸಿಗುತ್ತದೆ. ಒದ್ದೆ ಗೋಣಿಬಟ್ಟೆಯಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಬಹಳ ದಿನ ಗಟ್ಟಿಯಾಗುವುದಿಲ್ಲ. ರಸ್ತೆ ಬದಿಯ, ಚರಂಡಿ ಪಕ್ಕದ ಮಣ್ಣು ಬೇಡ; ಜಂತುಹುಳುವಿನ ಮೊಟ್ಟೆಗಳಿರುತ್ತವೆ. ಆಡಿದ ಮೇಲೆ ಉಗುರ ಸಂದಿಯನ್ನೂ ಸೇರಿಸಿ ಸೋಪಿನಿಂದ ಕೈ ತೊಳೆಸಿ. ಮಣ್ಣನ್ನು ಬಾಯಿಗೆ ಹಾಕುವ ವಯಸ್ಸಿನವರಿಗೆ ಚಪಾತಿ ಹಿಟ್ಟಿನ ಉಂಡೆಯೇ ಸಾಕು. ಉಪ್ಪು ಸುರಿದು ಕಲಸುವ ಆಟದ ಹಿಟ್ಟು ಚೆನ್ನಾಗಿ ಬಾಳುತ್ತದೆ, ಆದರೆ ಅಷ್ಟು ಉಪ್ಪು ಚಿಕ್ಕ ಮಗುವಿನ ಹೊಟ್ಟೆಗೆ ಹೋಗುವುದು ಅಪಾಯ. ಅದನ್ನು ಮೂರು ದಾಟಿದವರಿಗೆ ಇಡಿ.

ತೋಟ, ಹೊಲ ಹತ್ತಿರವಿದ್ದವರಿಗೆ ಆಟಿಕೆಗೆ ಬರವಿಲ್ಲ. ಮಲೆನಾಡಿನಲ್ಲಿ ಅಡಿಕೆ ಹಾಳೆಯ ಮೇಲೆ ಕೂರಿಸಿ ಎಳೆಯುವುದು, ತೆಂಗಿನ ಗರಿಯ ವಾಚು ಮತ್ತು ಗಿರಿಗಿಟ್ಟಲೆ, ಜೋಳದ ದಂಟಿನ ಬಂಡಿ. ದಂಟಿನ ಸಿಪ್ಪೆಯ ಅಂಚು ಬ್ಲೇಡಿನಷ್ಟೇ ಹರಿತ. ಸುಲಿಯುವ ಕೆಲಸ ದೊಡ್ಡವರದು, ಬೆಂಡು ಜೋಡಿಸುವ ಕೆಲಸ ಮಕ್ಕಳದು.

ಹೆಜ್ಜೆ ಏಳು: ವಿಷದ ಬೀಜಗಳನ್ನು ಗುರುತಿಟ್ಟುಕೊಳ್ಳಿ

ಇದನ್ನು ದಯವಿಟ್ಟು ಅಜ್ಜಿ ತಾತಂದಿರಿಗೂ ಓದಿ ಹೇಳಿ. ಗುಲಗಂಜಿ ಬಲು ಚೆಂದ: ಕಡುಗೆಂಪು, ತುದಿಯಲ್ಲಿ ಕಪ್ಪು ಚುಕ್ಕೆ. ಮಣ್ಣಿನ ಗೊಂಬೆಗೆ ಕಣ್ಣಾಗಿ ಅಂಟಿಸುವುದುಂಟು, ಸರವಾಗಿ ಪೋಣಿಸುವುದುಂಟು. ಅದರೊಳಗೆ ಅಬ್ರಿನ್ ಎಂಬ ಭೀಕರ ವಿಷವಿದೆ. ಹೊರಸಿಪ್ಪೆ ಗಟ್ಟಿಯಾದ್ದರಿಂದ ಇಡಿಯಾಗಿ ನುಂಗಿದಾಗ ಎಷ್ಟೋ ಸಲ ಹಾಗೆಯೇ ಹೊರಹೋಗುತ್ತದೆ. ಆದರೆ ಅಗಿದರೆ, ಅಥವಾ ಪೋಣಿಸಲು ತೂತು ಕೊರೆದ ಬೀಜವನ್ನು ನುಂಗಿದರೆ ಪ್ರಾಣಕ್ಕೆ ಅಪಾಯ. ಹರಳು ಬೀಜದಲ್ಲಿ ಇಂಥದ್ದೇ ಇನ್ನೊಂದು ವಿಷವಿದೆ. ಕಣಗಿಲೆಯ ಹೂ, ಎಲೆ, ಕಡ್ಡಿ ಯಾವುದೂ ಅಡುಗೆ ಆಟಕ್ಕೆ ಸಲ್ಲದು. ಉಮ್ಮತ್ತಿಯ ಮುಳ್ಳುಕಾಯಿಯೂ ಅಷ್ಟೇ. ಚೆನ್ನೆಮಣೆಗೆ ಬಳಸುವ ಮಂಜೊಟ್ಟಿ ಪೂರ್ತಿ ಕೆಂಪಾಗಿರುತ್ತದೆ, ಕಪ್ಪು ಚುಕ್ಕೆ ಇರುವುದಿಲ್ಲ. ಅದೂ ಬಾಯಿಗೆ ಹಾಕುವಂಥದ್ದಲ್ಲ. ಆಟಕ್ಕೆ ಹುಣಸೆ ಬೀಜ ಒಳ್ಳೆಯದು. ಆದರೆ ಯಾವ ಬೀಜವಾದರೂ ಮೂಗು, ಕಿವಿ, ಗಂಟಲಿಗೆ ಸೇರುವಷ್ಟು ಚಿಕ್ಕದೇ. ಆಟ ಮುಗಿದ ಕೂಡಲೇ ಎಣಿಸಿ ಡಬ್ಬಿಗೆ ಹಾಕಿ ಮೇಲಿಡಿ.

ಹೆಜ್ಜೆ ಎಂಟು: ತೊಳೆಯುವುದು, ಕಾಪಾಡುವುದು

ಅರಗಿನ ಆಟಿಕೆಗೆ ಸ್ಯಾನಿಟೈಸರ್ ಹಚ್ಚಬೇಡಿ. ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಒರೆಸಿದ ಕೂಡಲೇ ಹೊಳಪು ಹೋಗಿ ಅಂಟಂಟಾಗುತ್ತದೆ. ಬಾಟಲಿಗಳ ಜೊತೆ ಕುದಿಸುವುದೂ ಬೇಡ, ಕುದಿಯುವ ನೀರಿಗಿಂತ ಎಷ್ಟೋ ಕಡಿಮೆ ಬಿಸಿಗೇ ಅರಗು ಮೆದುವಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡುವುದೂ ಅದೇ ಕಾರಣಕ್ಕೆ ಒಳ್ಳೆಯದಲ್ಲ. ಒಂದು ಹನಿ ಸೋಪು ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಒರೆಸಿ, ಬರೀ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ನೆರಳಿನಲ್ಲಿ ಒಣಗಿಸಿ. ಮರದ ಯಾವ ಆಟಿಕೆಯನ್ನೂ ನೀರಿನಲ್ಲಿ ನೆನೆಹಾಕಬೇಡಿ, ಬಿರುಕು ಬಿಡುತ್ತದೆ.

ಬಣ್ಣವಿಲ್ಲದ ಬೇವಿನ ಮರದ ಕಡಿಯುವ ಬಳೆಗಳಿಗೆ ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯಲ್ಲಿ, ಕಪ್ಪು ಚುಕ್ಕೆಗಳ ಬೂಷ್ಟು ಹಿಡಿಯುತ್ತದೆ. ಮೇಲ್ಮೈಯದಾದರೆ ನಯವಾದ ಮರಳು ಕಾಗದದಿಂದ ಉಜ್ಜಿ, ಒರೆಸಿ, ಜೇನುಮೇಣ ತಿಕ್ಕಿ. ಮರದೊಳಕ್ಕೆ ಇಳಿದಿದ್ದರೆ ಅದರ ಕೆಲಸ ಮುಗಿಯಿತು. ಹಾರ್ಡ್‌ವೇರ್ ಅಂಗಡಿಯ ವಾರ್ನಿಷ್, ಬೇಯಿಸಿದ ಅಗಸೆ ಎಣ್ಣೆ ಹಚ್ಚಬೇಡಿ. ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣಗಳನ್ನು ಬೆರೆಸಿರುತ್ತಾರೆ. ಬಟ್ಟೆಯ ಗೊಂಬೆಯನ್ನು ವಾರಕ್ಕೊಮ್ಮೆ ಒಗೆದು ಖಡಕ್ ಬಿಸಿಲಿಗೆ ಹಾಕಿ.

ಕೊನೆಯದಾಗಿ, ಸಂಖ್ಯೆ ಮತ್ತು ಉಡುಗೊರೆ

ಕೈಕೆಲಸದ ಆಟಿಕೆ ದುಬಾರಿ ಎಂಬ ಮಾತು ನಿಜ, ಒಂದಕ್ಕೊಂದು ಹೋಲಿಸಿದರೆ. ಆದರೆ ಎರಡು ವರ್ಷದ ಮಗುವಿಗೆ ಒಂದು ಹೊತ್ತಿನಲ್ಲಿ ಎದುರಿಗೆ ನಾಲ್ಕೈದು ಆಟಿಕೆ ಸಾಕು. ಉಳಿದವನ್ನು ಬುಟ್ಟಿಯಲ್ಲಿ ಹಾಕಿ ಎತ್ತಿಟ್ಟು, ಹದಿನೈದು ದಿನಕ್ಕೊಮ್ಮೆ ಅದಲು ಬದಲು ಮಾಡಿ. ಹಳೆಯದೇ ಹೊಸದಾಗಿ ಕಾಣುತ್ತದೆ. ಹತ್ತು ಜಾತ್ರೆ ಗೊಂಬೆಯ ದುಡ್ಡನ್ನು ಒಟ್ಟುಗೂಡಿಸಿದರೆ ಒಂದು ಗಟ್ಟಿ ತಳ್ಳುಗಾಡಿ ಬರುತ್ತದೆ, ಅದು ತಮ್ಮನಿಗೂ ಚಿಕ್ಕಮ್ಮನ ಮಗಳಿಗೂ ಆಗುತ್ತದೆ.

ಹುಟ್ಟುಹಬ್ಬಕ್ಕೆ ನೆಂಟರು ತರುವ ದೊಡ್ಡ ಡಬ್ಬಿಗಳದ್ದೇ ಕಷ್ಟ. ತಂದ ಮೇಲೆ ಬೇಡ ಎಂದರೆ ಮನಸ್ಸು ನೋಯುತ್ತದೆ. ವಾರ ಮೊದಲೇ ಫೋನ್ ಮಾಡಿ, ‘ಅತ್ತೆ, ಪಾಪುಗೆ ಏನು ತರಲಿ ಎಂದು ಕೇಳಿದ್ದಿರಲ್ಲ, ಪೇರಿಸುವ ಮರದ ಉಂಗುರ ಬೇಕಿತ್ತು’ ಎಂದು ಒಂದೇ ವಸ್ತುವಿನ ಹೆಸರು ಹೇಳಿ. ಇಲ್ಲವೇ ಅವರ ಹಳೆಯ ಹತ್ತಿ ಸೀರೆಯನ್ನೇ ಕೇಳಿ ಪಡೆಯಿರಿ. ಮುಂದಿನ ಸಲ ಅವರು ಬರುವ ಹೊತ್ತಿಗೆ ಅದರಲ್ಲಿ ಗೊಂಬೆ ಹೊಲಿದು, ಮಗುವಿನ ಕೈಯಿಂದಲೇ ತೋರಿಸಿ.